ಹುಣ್ಣು ಮಾಯಿತೆಂದು ಸುಮ್ಮನಿರಬೇಡಿ: ಸಿಫಿಲಿಸ್ ಗುರುತಿಸುವುದು ಹೇಗೆ?

ನೋವಿದ್ದರೆ ಯಾರಾದರೂ ಡಾಕ್ಟರ ಬಳಿ ಹೋಗುತ್ತಾರೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದ, ಲೈಂಗಿಕ ಸಂಪರ್ಕದಿಂದ ಹರಡುವ ಈ ಕಾಯಿಲೆ ಕಾಣಿಸಿಕೊಂಡು, ಮರೆಯಾಗಿ, ಮತ್ತೆ ಬೇರೆ ರೂಪದಲ್ಲಿ ಬರುತ್ತದೆ. ಹಾಗಾಗಿ ಲಕ್ಷಣದ ಜತೆ ದಿನಗಳ ಲೆಕ್ಕವನ್ನೂ ಇಡಬೇಕು.

ಮೊದಲು, ಲೈಂಗಿಕ ಸಂಪರ್ಕವಾದ ದಿನದಿಂದ ಎಣಿಸಿ. ಸುಮಾರು ಮೂರು ವಾರಕ್ಕೆ, ಕೆಲವರಿಗೆ 10ನೇ ದಿನಕ್ಕೇ, ಕೆಲವರಿಗೆ 90 ದಿನ ಕಳೆದು, ರೋಗಾಣು ಹೊಕ್ಕ ಜಾಗದಲ್ಲೇ ಗಟ್ಟಿ ಅಂಚಿನ ಹುಣ್ಣು ಏಳುತ್ತದೆ. ಶಿಶ್ನದ ಮೇಲಾದರೆ ಕಣ್ಣಿಗೆ ಬೀಳುತ್ತದೆ. ಯೋನಿಯೊಳಗೆ, ಗುದದಲ್ಲಿ, ಗಂಟಲಲ್ಲಿ ಆದರೆ ಗೊತ್ತೇ ಆಗುವುದಿಲ್ಲ. 3ರಿಂದ 6 ವಾರದಲ್ಲಿ ಅದು ತಾನಾಗಿ ಮಾಯುತ್ತದೆ. ಮುಲಾಮು ಹಚ್ಚಿದವರು ಮುಲಾಮೇ ವಾಸಿ ಮಾಡಿತೆಂದು ನಂಬುತ್ತಾರೆ. ರೋಗಾಣು ಆಗಲೇ ರಕ್ತ ಸೇರಿರುತ್ತದೆ.

ಮುಂದಿನ ಕೆಲವು ವಾರ, ತಿಂಗಳು ಅಂಗೈ, ಅಂಗಾಲು ನೋಡಿಕೊಳ್ಳಿ. ಅಲ್ಲಿ ತಾಮ್ರಬಣ್ಣದ, ಹೆಚ್ಚಾಗಿ ತುರಿಸದ ಕಲೆಗಳೆದ್ದರೆ ಉಷ್ಣವೆಂದೋ ಅಲರ್ಜಿಯೆಂದೋ ತಳ್ಳಿಹಾಕಬೇಡಿ. ಜ್ವರ, ಊದಿದ ಗಂಟುಗಳು, ಬಾಯೊಳಗೆ ಬಿಳಿಚಿದ ತೇಪೆ, ಅಲ್ಲಲ್ಲಿ ಕೂದಲು ಉದುರುವುದೂ ಇರಬಹುದು. ಇವೂ ಚಿಕಿತ್ಸೆಯಿಲ್ಲದೆಯೇ ಮರೆಯಾಗುತ್ತವೆ.

ಆಮೇಲೆ ಮೌನ. ವರ್ಷಗಟ್ಟಲೆ ರಕ್ತಪರೀಕ್ಷೆ ಬಿಟ್ಟರೆ ಬೇರೆ ಸುಳಿವಿಲ್ಲ. ಚಿಕಿತ್ಸೆ ಪಡೆಯದ ಕೆಲವರಲ್ಲಿ 10ರಿಂದ 30 ವರ್ಷದ ಬಳಿಕ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ (ಮಹಾಪಧಮನಿ) ಹಿಗ್ಗುತ್ತದೆ, ನಡಿಗೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಆದರೆ ಕಣ್ಣು, ಕಿವಿ, ಮೆದುಳಿಗೆ ಪೆಟ್ಟು ಬೀಳಲು ಅಷ್ಟು ಕಾಲ ಬೇಕಿಲ್ಲ. ಸಿಫಿಲಿಸ್ ಇದ್ದು ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಗರ್ಭಿಣಿಯರ ವಿಷಯದಲ್ಲಿ ಒಂದು ದಿನವೂ ತಡ ಬೇಡ. ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ದಾಟುತ್ತದೆ, ಮಗು ಸತ್ತು ಹುಟ್ಟಬಹುದು. ಮೊದಲ ತಪಾಸಣೆಯಲ್ಲೇ ಸಿಫಿಲಿಸ್ ರಕ್ತಪರೀಕ್ಷೆ ಆಯಿತೇ ಎಂದು ಕೇಳಿ.

ಪರೀಕ್ಷೆಗೆ ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗೆ ಹೋಗಬಹುದು. ಹುಣ್ಣು ಹೊಸದಾಗಿದ್ದಾಗ ಸಿಫಿಲಿಸ್ ಪತ್ತೆಯ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ನೆಗೆಟಿವ್ ಬರಬಹುದು. ಡಾಕ್ಟರು ಹೇಳಿದ ದಿನ ಮತ್ತೆ ಮಾಡಿಸಿ. ಆರಂಭದ ಹಂತಕ್ಕೆ ಸಾಮಾನ್ಯವಾಗಿ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಇಂಜೆಕ್ಷನ್ ಡೋಸ್ ಸಾಕು. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ಮೆದುಳು, ಕಣ್ಣು, ಕಿವಿಗೆ ತಗುಲಿದ್ದರೆ ಚಿಕಿತ್ಸೆಯೇ ಬೇರೆ. ಸಂಗಾತಿಗೂ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಸೋಂಕು ಮರಳಿ ನಿಮಗೇ ಬರಬಹುದು.

ಹಳೆಯ ರಿಪೋರ್ಟ್ ಜೋಪಾನ ಮಾಡಿ. ವಿಡಿಆರ್‌ಎಲ್ 1:32 (ರಕ್ತದ ಸೀರಮ್ಮನ್ನು 32 ಪಟ್ಟು ತೆಳುವಾಗಿಸಿದರೂ ಪಾಸಿಟಿವ್) ಇದ್ದದ್ದು ಮುಂದಿನ ತಿಂಗಳುಗಳಲ್ಲಿ 1:8ಕ್ಕೆ ಇಳಿದರೆ ಔಷಧ ಹಿಡಿದಿದೆ ಎಂದರ್ಥ. ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ ಮಾತ್ರ ಬಹುತೇಕರಲ್ಲಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಡಿ.