ಪುಸ್ತಕದ ಕಪಾಟು ಬರೆಯೋದು ಹೇಗೆ: ಮೊದಲು ಸಂದಿ, ಆಮೇಲೆ ಪುಸ್ತಕ

"ಮೊಬೈಲಲ್ಲಿ ಒಂದು ಫೋಟೋ ತೆಗೆದ್ರೆ ಆಗಲ್ವಾ ಮೇಡಂ?" ತುಮಕೂರಿನಲ್ಲಿ ನನ್ನ ಕೆಲಸ ಏನು ಅಂತ ಹೇಳಿದ ತಕ್ಷಣ ಬರುವ ಪ್ರಶ್ನೆ ಇದು. ಧಾರಾಳವಾಗಿ ಆಗುತ್ತೆ. ಆದರೂ ಅಪ್ಪನ ನಿವೃತ್ತಿಗೆ ಅಂತಲೋ, ಹಳೇ ಮನೆ ಮಾರುವ ಮುಂಚೆ ಅಂತಲೋ ಜನ ತಮ್ಮ ಮನೆಯ ಪುಸ್ತಕದ ಕಪಾಟನ್ನು ಎಣ್ಣೆ ಬಣ್ಣದಲ್ಲಿ ಬರೆಸಿಕೊಳ್ಳುತ್ತಾರೆ. ಜೊತೆಗೆ ಅಜ್ಜಿಯ ಅಡಕತ್ತರಿ, ತಾತನ ಕನ್ನಡಕ, ಯಾವಾಗಲೋ ಗೆದ್ದ ಕಪ್ಪು. ನನ್ನ ಹೊಟ್ಟೆಪಾಡು ಅದೇ. ಹೊಸದಾಗಿ ಶುರು ಮಾಡುವವರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯವರಿಗೆ ಮೊದಲೇ ಹೇಳಿಬಿಡಿ: ಏನೂ ಜೋಡಿಸಬೇಡಿ. ನೀವು ಬರ್ತೀರಿ ಅಂದರೆ ಸಾಕು, ದಪ್ಪ ದಪ್ಪ ಸೆಟ್ಟುಗಳನ್ನು ಮುಂದಕ್ಕೆ ತಂದು, ಹರಿದಿರೋದನ್ನೆಲ್ಲ ಒಳಗೆ ತಳ್ಳಿರುತ್ತಾರೆ. ಹಿತ್ತಾಳೆ ಚೆಂಬಿಗೆ ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ಉಜ್ಜಿರುತ್ತಾರೆ. ಬೆನ್ನು ಕಿತ್ತುಹೋದ ಪುಸ್ತಕವನ್ನೇ ಆ ಮನೆಯಲ್ಲಿ ಎಲ್ಲರೂ ಓದಿರೋದು, ನಮಗೆ ಬೇಕಾದ್ದೂ ಅದೇ. ಕಾಫಿ ಕುಡಿಯುತ್ತಾ ಮಾತಿಗೆ ಕೂರಿಸಿ, ಯಾವುದು ಎಲ್ಲಿತ್ತು ಅಂತ ಕೇಳಿ, ವಾಪಸ್ ಇಡಿಸಿ.

ಮುದ್ದಿನ ಸಾಮಾನು ಒಂದು ಹಲಗೆಗೆ ಒಂದು ಸಾಕು. ಡಚ್ ಚಿತ್ರಕಾರ ವ್ಯಾನ್ ಗೋ 1885ರ ಮಾರ್ಚ್‌ನಲ್ಲಿ ಅಪ್ಪನನ್ನು ಕಳೆದುಕೊಂಡ. ಅದೇ ಅಕ್ಟೋಬರ್‌ನಲ್ಲಿ ಅಪ್ಪನ ದಪ್ಪ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಆರಿದ ಮೇಣದಬತ್ತಿ, ಮುಂದೆ ತನ್ನದೊಂದು ಹಳದಿ ರಟ್ಟಿನ ಸಣ್ಣ ಕಾದಂಬರಿ ಇಟ್ಟು ಬರೆದ. ಅಷ್ಟೇ ಸಾಮಾನು. ಆ ಹಳದಿ ಚೂರಿನ ಮೇಲೇ ಕಣ್ಣು ಹೋಗುತ್ತೆ. ಇನ್ನೂ ನಾಲ್ಕು ಇಟ್ಟಿದ್ದರೆ ಗುಜರಿ ಅಂಗಡಿ ಆಗುತ್ತಿತ್ತು.

ಬೆಳಕಿಗೆ ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬೀಳದ್ದರಿಂದ ನೆರಳು ಅಷ್ಟಾಗಿ ಓಡಾಡಲ್ಲ. ಪೂರ್ವದ ಕಿಟಕಿ ಆದರೆ ಒಂದು ಗಂಟೆಯಲ್ಲಿ ಎಲ್ಲ ನೆರಳೂ ಜಾಗ ಬದಲಾಯಿಸಿರುತ್ತೆ. ಎರಡೂ ಸರಿ ಇಲ್ಲ ಅಂದರೆ ಪರದೆ ಎಳೆದು ಎಡಗಡೆಯಿಂದ ಒಂದೇ ಎಲ್‌ಇಡಿ ಬಲ್ಬ್ ಹಾಕಿ. ಟ್ಯೂಬ್‌ಲೈಟ್ ಆರಿಸಿ. ನಡುವಿನ ಹಲಗೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕೂತರೆ ಮೇಲಿನ ಹಲಗೆಗಳ ಅಡಿಭಾಗ, ಕೆಳಗಿನವುಗಳ ಮೇಲ್ಭಾಗ ಕಾಣುತ್ತೆ. ಸ್ಟೂಲಿನ ಕಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಕಸ ಗುಡಿಸುವಾಗ ಯಾರೋ ಸರಿಸೇ ಸರಿಸುತ್ತಾರೆ.

ಕ್ಯಾನ್‌ವಾಸ್‌ಗಿಂತ ನನಗೆ ಪ್ಲೈವುಡ್ ಇಷ್ಟ. ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಲೇಪ ಜೆಸ್ಸೊ, ಅದನ್ನು ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿದರೆ ನಯವಾಗುತ್ತೆ. ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಬಳಿದು, ಬಟ್ಟೆಯಲ್ಲಿ ಒರೆಸಿ. ಬಿಳಿ ಹೋಗಿ ಕಂದು ನೆಲ ಸಿಗುತ್ತೆ.

ಈಗ ಪುಸ್ತಕ ಬರೆಯಬೇಡಿ. ಸಂದಿ ಬರೆಯಿರಿ.

ಎಲ್ಲರೂ ಪುಸ್ತಕಕ್ಕೊಂದು ಚೌಕ ಎಳೆದು ಬಣ್ಣ ತುಂಬುತ್ತಾರೆ. ಆಗ ಬರೋದು ಬಣ್ಣದ ಪಟ್ಟಿ, ಕಪಾಟಲ್ಲ. ಪುಸ್ತಕಗಳ ನಡುವಿನ ಕಪ್ಪು ಸಂದಿ, ಮೇಲ್ಗಡೆ ಹಲಗೆವರೆಗಿನ ಕತ್ತಲೆ, ವಾಲಿದ ಪುಸ್ತಕದ ಕೆಳಗಿನ ಮೂರು ಮೂಲೆಯ ನೆರಳು, ಇವನ್ನು ಮೊದಲು ಇಡಿ. ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಉಸಿರಾಡೋ ಕತ್ತಲೆ ಸಿಗುತ್ತೆ. ಸಂದಿ ಸರಿಯಾಗಿ ಕೂತರೆ ಪುಸ್ತಕ ತಾನಾಗೇ ಎದ್ದು ನಿಲ್ಲುತ್ತೆ. ಇಟಲಿಯ ಬೊಲೊನ್ಯಾದಲ್ಲಿ ಜುಸೆಪ್ಪೆ ಮರಿಯಾ ಕ್ರೆಸ್ಪಿ 18ನೇ ಶತಮಾನದಲ್ಲಿ ಸಂಗೀತ ಪುಸ್ತಕಗಳ ಕಪಾಟಿನ ಬಾಗಿಲಿಗೆ ಅಂತ ಎರಡು ಚಿತ್ರ ಬರೆದಿದ್ದಾನೆ. ನೆಟ್‌ನಲ್ಲಿ ಹುಡುಕಿ ನೋಡಿ. ವಾಲಿದವು, ಅಡ್ಡ ಮಲಗಿದವು, ಸವೆದವು. ಕತ್ತಲೆಯೇ ಅವನ್ನೆಲ್ಲ ಹಿಡಿದಿಟ್ಟಿದೆ.

ಆಮೇಲೆ ಬೆನ್ನುಗಳ ಬಣ್ಣ, ದೊಡ್ಡ ಬ್ರಷ್‌ನಲ್ಲಿ, ಕಣ್ಣು ಕಿರಿದು ಮಾಡಿಕೊಂಡು. ಅಕ್ಷರದ ಆಸೆ ಈಗಲೇ ಬೇಡ. ಕನ್ನಡ ಅಕ್ಷರ ಬರೆಯೋಕೆ ಒಂದು ಉಪಾಯ ಇದೆ: ಮೇಲಿನ ತಲಕಟ್ಟು, ಕೆಳಗಿನ ದುಂಡು, ಇವೆರಡನ್ನು ಮಾತ್ರ ಸಣ್ಣ ಬ್ರಷ್‌ನಲ್ಲಿ ಮುಟ್ಟಿಸಿ. ಮಿಕ್ಕಿದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತೆ. ಬಂಗಾರದ ಅಚ್ಚಿಗೆ ಯೆಲ್ಲೋ ಓಕರ್ ಅನ್ನೋ ಮಣ್ಣು ಹಳದಿ ಸಾಕು, ಬೆಳಕು ಬಿದ್ದ ಕಡೆ ಮಾತ್ರ ಒಂದು ತಿಳಿ ಚುಕ್ಕೆ. ಪೂರ್ತಿ ಓದೋಕೆ ಬರೋದು ಒಂದೇ ಒಂದು ಪುಸ್ತಕದ ಹೆಸರು ಇರಲಿ. ಯಾವುದು ಅಂತ ಮನೆಯವರೇ ಹೇಳಲಿ. ಆ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಸಣ್ಣ ಜಗಳವೇ ಆಗುತ್ತೆ, ನೀವು ಮಧ್ಯೆ ಬಾಯಿ ಹಾಕಬೇಡಿ.

ಹಿತ್ತಾಳೆ ಹಳದಿ ಅಲ್ಲ. ಹತ್ತಿರ ಹೋಗಿ ನೋಡಿ: ಅಂಚಿನಲ್ಲಿ ಕಂದು, ಹೊಟ್ಟೆಯಲ್ಲಿ ಮಾಸಲು ಹಸಿರು, ಪಕ್ಕದ ಕೆಂಪು ರಟ್ಟು ಅದರಲ್ಲಿ ಉದ್ದಕ್ಕೆ ಸೊರಗಿದ ಗೆರೆಯಾಗಿ ಬಿದ್ದಿರುತ್ತೆ. ಕಿಟಕಿಯೇ ಒಂದು ಸಣ್ಣ ಬಿಳಿ ತುಂಡಾಗಿ ಕೂತಿರುತ್ತೆ. ಆ ಬಿಳಿಯನ್ನು ಕೊನೆಗೆ, ಒಂದೇ ಸಲ, ದಪ್ಪಗೆ ಇಟ್ಟು ಕೈ ತೆಗೆಯಿರಿ.

ವಾಚಿನ ಮಾತು ಹೇಳಲೇಬೇಕು. ನಮ್ಮೂರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತಲ್ವಾ, ಹಾಗಾಗಿ ಇಲ್ಲಿಯ ಕಪಾಟುಗಳಲ್ಲಿ ಒಂದು ಎಚ್‌ಎಂಟಿ ಜನತಾ ಸಿಕ್ಕೇ ಸಿಗುತ್ತೆ. ಆ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮೇಲಂತೂ ಅದನ್ನು ಯಾರೂ ಕೈಗೆ ಕಟ್ಟಲ್ಲ, ಎತ್ತಿಡುತ್ತಾರೆ. ಅದು ಕೀ ಕೊಡುವ ವಾಚು. ಮನೆಯವರು ಖುಷಿಯಲ್ಲಿ ಕೀ ಕೊಟ್ಟರೆ ನೀವು ಬರೆಯುತ್ತಿರುವಾಗಲೇ ಮುಳ್ಳು ಓಡುತ್ತೆ. ನಿಂತ ವಾಚೇ ಬೇಕು. ಅಂಕಿಗಳನ್ನೆಲ್ಲ ಕೊರೆಯಬೇಡಿ. ಗಾಜಿನ ಮೇಲಿನ ಗೀರು, ಸವೆದ ಬೆಲ್ಟಿನಲ್ಲಿ ಹಿಗ್ಗಿದ ಒಂದು ತೂತು, ಇಷ್ಟು ಬಂದರೆ ಆ ಕೈ ಎಷ್ಟು ದಪ್ಪ ಇತ್ತು ಅಂತಲೂ ಗೊತ್ತಾಗುತ್ತೆ.

ಮೊದಲ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಮೇಲೆ ಹೋದ ಹಾಗೆ ಅಗಸೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತೆ. ಕಿಟಕಿ ತೆಗೆದೇ ಕೆಲಸ ಮಾಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಹಾಕಿ.

ದುಡ್ಡಿನ ವಿಷಯ ನಾಚಿಕೆ ಬಿಟ್ಟು ಮಾತಾಡಿ. ಅರ್ಧ ಮುಂಗಡ, ಉಳಿದದ್ದು ಚಿತ್ರ ಕೊಡುವಾಗ. ನಾನು ಅಳತೆ ಮೇಲೆ ರೇಟು ಹೇಳಲ್ಲ, ಹಲಗೆ ಲೆಕ್ಕ. ಕೆಲಸ ಇರೋದು ಅಲ್ಲೇ. ಎಣ್ಣೆ ಚಿತ್ರಕ್ಕೆ ಗಾಜು ಬೇಡ, ಕಟ್ಟು ಸಾಕು. ಮಳೆಗಾಲದಲ್ಲಿ ತೇವ ಬರುವ ಗೋಡೆಗೆ ತಗುಲಿಹಾಕಬೇಡಿ ಅಂತ ಹೇಳಿ ಬನ್ನಿ.

ವಾರ್ನಿಷ್‌ಗೆ ಮಾತ್ರ ಕನಿಷ್ಠ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಕಪಾಟಿಗೆ ಹೊಸ ಪುಸ್ತಕ ಬಂದಿರುತ್ತೆ, "ಅದನ್ನೂ ಒಂದು ಮೂಲೆಯಲ್ಲಿ ಸೇರಿಸಿಬಿಡಿ" ಅಂತಾರೆ. ಸೇರಿಸಬೇಡಿ. ವಾರ್ನಿಷ್ ಹಚ್ಚಿ, ಬೇಕಿದ್ದರೆ ಇನ್ನೊಂದು ಚಿತ್ರಕ್ಕೆ ಮುಂಗಡ ತಗೊಂಡು ಬನ್ನಿ.