ಸುರಂಗಗಳ ಕೋಷ್ಟಕವನ್ನು ಪರದೆಗೆ ತರುವುದು

ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗಗಳನ್ನು ನಾವು ಕ್ಯುಫೀಲ್ಡ್ ಎಂಬ ನಕ್ಷೆಯ ಆ್ಯಪ್ ಹಾಕಿದ ಮೊಬೈಲಿನಲ್ಲಿ ಗುರುತಿಸಿಕೊಳ್ಳುತ್ತೇವೆ. ಮಾಹಿತಿಯೆಲ್ಲ ಒಂದೇ ಜಿಯೋಪ್ಯಾಕೇಜ್ ಕಡತದಲ್ಲಿರುತ್ತದೆ. ಆದರೆ ತೋಟದ ಹಿರಿಯರೆದುರು ಲ್ಯಾಪ್‌ಟಾಪ್ ಇಟ್ಟು "ವಿವರ ಸರಿ ಇದೆಯಾ, ಒಮ್ಮೆ ನೋಡಿ ಮಾವ" ಎನ್ನಲು ನಕ್ಷೆಯ ತಂತ್ರಾಂಶವಾದ ಕ್ಯುಜಿಐಎಸ್ ತೆರೆದರೆ ಅವರಿಗೆ ಕಾಣುವುದು ಗುಂಡಿಗಳ ಜಾತ್ರೆ. ಹಾಗಾಗಿ ಒಂದು ಕಿಟಕಿ, ಒಂದು ಕೋಷ್ಟಕ ಮಾತ್ರ ಇರುವ ಸಣ್ಣ ತಂತ್ರಾಂಶ ಮಾಡಿಕೊಂಡಿದ್ದೇನೆ, ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಫಾರ್ಮ್ಸ್ ಬಳಸಿ. ಹಳೆಯದೆಂದು ಮೂಗು ಮುರಿಯುವವರು ಮುರಿಯಲಿ, ಈ ಕೆಲಸಕ್ಕೆ ಅದು ಧಾರಾಳ ಸಾಕು.

ಜಿಯೋಪ್ಯಾಕೇಜ್ ಎಂದರೆ ಒಳಗೆ ಎಸ್‌ಕ್ಯುಲೈಟ್ ದತ್ತಸಂಚಯವೇ. ಸಿಸ್ಟಮ್ ಡೇಟಾ ಎಸ್‌ಕ್ಯುಲೈಟ್ ಲೈಬ್ರರಿ ಸೇರಿಸಿ, ಅದರ ಡೇಟಾ ಅಡಾಪ್ಟರ್‌ನಿಂದ ಡೇಟಾಟೇಬಲ್ ತುಂಬಿಸಿ. ನೆನಪಿನಲ್ಲಿರುವ ಈ ಡೇಟಾಟೇಬಲನ್ನು ನೇರವಾಗಿ ಪರದೆಯ ಕೋಷ್ಟಕವಾದ ಡೇಟಾಗ್ರಿಡ್‌ವ್ಯೂಗೆ ಕಟ್ಟಬೇಡಿ. ನಡುವೆ ಕೊಂಡಿಯಾಗಿ ಒಂದು ಬೈಂಡಿಂಗ್‌ಸೋರ್ಸ್ ಇಡಿ. ಹೆಸರು, ಪಂಚಾಯತ್, ಉದ್ದದ ಪೆಟ್ಟಿಗೆಗಳನ್ನೂ ಅದಕ್ಕೇ ಕಟ್ಟಿದರೆ, ಸಾಲು ಬದಲಾದಂತೆ ಅವೂ ತಾವಾಗಿಯೇ ಬದಲಾಗುತ್ತವೆ. ಬೈಂಡಿಂಗ್‌ಸೋರ್ಸ್‌ನ ಫಿಲ್ಟರ್‌ಗೆ ಪಂಚಾಯತಿನ ಹೆಸರಿನ ಷರತ್ತು ಕೊಟ್ಟರೆ ಬೇಕಾದ ಸಾಲುಗಳಷ್ಟೇ ಉಳಿಯುತ್ತವೆ.

ತೊಂದರೆ ಕೊಡುವುದು ಸುರಂಗದ ಸ್ಥಾನವಿರುವ ಜ್ಯಾಮಿತಿಯ ಕಾಲಂ. ಎಲ್ಲ ಕಾಲಂಗಳನ್ನೂ ತನ್ನಿ ಎಂದು ಕೇಳಿದರೆ ಅದು ಬೈಟ್‌ಗಳ ಸಾಲಾಗಿ ಬರುತ್ತದೆ. ಬೈಟ್‌ಗಳನ್ನು ಕಂಡ ಕೂಡಲೇ ಗ್ರಿಡ್ ಅದನ್ನು ಚಿತ್ರವೆಂದುಕೊಂಡು ಬಿಡಿಸಲು ಹೊರಟು, ದೋಷಸಂದೇಶಗಳ ಸುರಿಮಳೆ ಸುರಿಸುತ್ತದೆ. ಆದ್ದರಿಂದ ಕಾಲಂಗಳನ್ನು ತಾನಾಗಿ ಹುಟ್ಟಿಸುವ ಸೌಲಭ್ಯವನ್ನು ನಿಲ್ಲಿಸಿ, ಬೇಕಾದವನ್ನು ನೀವೇ ಸೇರಿಸಿ. ಸ್ಥಾನ ತೋರಿಸಬೇಕೆಂದರೆ ಬೈಟ್‌ಗಳನ್ನು ಬಿಡಿಸಿ ಎರಡು ಹೊಸ ಕಾಲಂಗಳಿಗೆ ಹಾಕಿ. ಬಿಂದುವಿಗೆ ಸಾಮಾನ್ಯವಾಗಿ ಮೊದಲ 8 ಬೈಟ್ ಜಿಯೋಪ್ಯಾಕೇಜಿನ ತಲೆಬರಹ, ನಂತರದ 5 ಬೈಟ್ ಬೈಟ್‌ಕ್ರಮ ಮತ್ತು ಆಕೃತಿಯ ಬಗೆ. ಸೊನ್ನೆಯಿಂದ ಎಣಿಸಿದರೆ 13ನೆಯ ಸ್ಥಾನದಿಂದ ರೇಖಾಂಶ, 21ರಿಂದ ಅಕ್ಷಾಂಶ. ಗೆರೆ, ಬಹುಭುಜಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ನೆಟ್‌ಟೋಪಾಲಜಿಸೂಟ್‌ನ ಜಿಯೋಪ್ಯಾಕೇಜ್ ಓದುಗವೇ ಬೇಕು. ಕಾಸರಗೋಡಿನ ನಮಗೆ ಪರೀಕ್ಷೆ ಸುಲಭ: ರೇಖಾಂಶ 75ರ ಆಸುಪಾಸು, ಅಕ್ಷಾಂಶ 12.5ರ ಹತ್ತಿರ ಇರಬೇಕು. ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯ 43ನೆಯ ವಲಯದ ನಡುಗೆರೆ ಸರಿಯಾಗಿ 75 ಡಿಗ್ರಿಯಲ್ಲಿ ಹಾದುಹೋಗುವುದರಿಂದ, ಮೀಟರ್‌ಗೆ ಬದಲಿಸಿದವರಿಗೆ ಪೂರ್ವದ ಅಂಕಿ ಐದು ಲಕ್ಷದ ಸುತ್ತಮುತ್ತ ಬರುತ್ತದೆ.

ಇನ್ನು ಓದುವವರ ಅನುಕೂಲ. ಕಡತದಲ್ಲಿ ಉದ್ದ ಮೀಟರಿನಲ್ಲಿದೆ, ಆದರೆ ಹಿರಿಯರು ಲೆಕ್ಕ ಹಾಕುವುದು ಕೋಲಿನಲ್ಲಿ, ಕೋಲೆಂದರೆ ಸುಮಾರು ಎರಡೂವರೆ ಅಡಿ, ಅಂದರೆ 0.76 ಮೀಟರ್. ಗ್ರಿಡ್‌ನ ಸೆಲ್‌ಫಾರ್ಮ್ಯಾಟಿಂಗ್ ಘಟನೆಯಲ್ಲಿ 0.76ರಿಂದ ಭಾಗಿಸಿ ತೋರಿಸಿ. ಬದಲಾಗುವುದು ಕಾಣುವ ಅಂಕಿ ಮಾತ್ರ, ಒಳಗಿನ ಮೀಟರ್ ಹಾಗೆಯೇ ಇರುತ್ತದೆ. ಸ್ಥಿತಿಯ ಕಾಲಂನಲ್ಲಿ 1, 2, 3 ಎಂದು ಮಾತ್ರ ಇದ್ದರೆ ಗಾಬರಿ ಬೇಡ. "ನೀರಿದೆ", "ಬೇಸಿಗೆಯಲ್ಲಿ ಬತ್ತುತ್ತದೆ", "ಕುಸಿದಿದೆ" ಎಂಬ ಅರ್ಥಗಳು ಕ್ಯುಜಿಐಎಸ್ ಯೋಜನೆಯಲ್ಲಿ ಉಳಿದಿರುತ್ತವೆ, ಕೋಷ್ಟಕಕ್ಕೆ ಬಂದಿರುವುದಿಲ್ಲ. ಒಂದು ಚಿಕ್ಕ ಪಟ್ಟಿ ಮಾಡಿ, ಕಾಂಬೊಬಾಕ್ಸ್ ಕಾಲಂಗೆ ವ್ಯಾಲ್ಯೂಮೆಂಬರ್, ಡಿಸ್ಪ್ಲೇಮೆಂಬರ್ ಎಂದು ಕೊಡಿ. ಪಟ್ಟಿಯಲ್ಲಿಲ್ಲದ ಅಂಕಿ ಬಂದರೆ ಗ್ರಿಡ್ ಮುನಿಯುತ್ತದೆ, ಹಾಗಾಗಿ "ತಿಳಿಯದು" ಎಂಬ ಸಾಲೂ ಇರಲಿ, ಅಪರಿಚಿತ ಅಂಕಿಗಳನ್ನು ತುಂಬಿಸುವಾಗಲೇ ಅದಕ್ಕೆ ತಿರುಗಿಸಿ.

ಅಕ್ಷರಶೈಲಿಗೆ ನಿರ್ಮಲಾ ಯುಐ ಹಾಕಿ. ಊರಿನ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಇರುವ ನಮ್ಮಂಥ ಕಡೆ ಎರಡಕ್ಕೂ ಅದೊಂದೇ ಸಾಕು. ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ.

ಗ್ರಿಡ್‌ನಲ್ಲೇ ತಿದ್ದಲು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಜಿಯೋಪ್ಯಾಕೇಜಿನ ಪ್ರಾದೇಶಿಕ ಸೂಚಿಗೆ (ಸ್ಥಾನದಿಂದ ಬೇಗ ಹುಡುಕಲು ಇರುವ ಸೂಚಿ) ಜೋಡಿಸಿದ, ಸಾಲು ಬದಲಾದಾಗ ತಾವಾಗಿ ಓಡುವ ಟ್ರಿಗರ್‌ಗಳು ಎಸ್‌ಟಿ ಈಸ್‌ಎಂಪ್ಟಿಯಂಥ ಫಲನಗಳನ್ನು ಕರೆಯುತ್ತವೆ, ಬರಿಯ ಎಸ್‌ಕ್ಯುಲೈಟ್‌ನಲ್ಲಿ ಅವು ಇಲ್ಲ. ಹೆಸರು ತಿದ್ದಿ ಉಳಿಸಲು ಹೋದರೂ ದೋಷ ಬರಬಹುದು. ಗ್ರಿಡ್ ಓದಲು ಮಾತ್ರ ಇರಲಿ, ತಿದ್ದುಪಡಿ ಕ್ಯುಜಿಐಎಸ್‌ನಲ್ಲೇ ನಡೆಯಲಿ.

ಮೊಬೈಲಿನಿಂದ ಕಡತ ನಕಲಿಸುವಾಗ ಪಕ್ಕದಲ್ಲಿ ಅದೇ ಹೆಸರಿಗೆ "ವಾಲ್" (-wal) ಎಂಬ ಬಾಲ ಸೇರಿದ ಇನ್ನೊಂದು ಕಡತ ಕಂಡರೆ ಅದನ್ನೂ ಜೊತೆಗೇ ತನ್ನಿ. ಕೊನೆಯಲ್ಲಿ ಸೇರಿಸಿದ ಸಾಲುಗಳು ಅದರಲ್ಲೇ ಇರಬಹುದು.