ವಿಸಿಲ್ ಊದುವ ಮುಂಚೆ ಗೋಲು ಅಳೆಯಿರಿ

ಫುಟ್‌ಬಾಲ್ ಮ್ಯಾಚಿಗೆ ಒಂದು ಗಂಟೆ ಮುಂಚೆಯೇ ನಾನು ಮೈದಾನಕ್ಕೆ ಹೋಗುತ್ತೇನೆ. ರೆಫರಿ ಬ್ಯಾಗಿನಲ್ಲಿ ವಿಸಿಲ್, ಕಾರ್ಡುಗಳ ಜೊತೆ ಹತ್ತು ಮೀಟರಿನ ಸ್ಟೀಲ್ ಟೇಪು ಇರಲೇಬೇಕು. ಬಟ್ಟೆ ಟೇಪು ಬೇಡ, ಎಳೆದರೆ ಹಿಗ್ಗುತ್ತದೆ.

ದೊಡ್ಡವರ ಪಂದ್ಯಕ್ಕೆ ಎರಡು ಕಂಬಗಳ ಒಳ ಅಂಚಿನ ನಡುವೆ 7.32 ಮೀಟರ್ ಇರಬೇಕು. ಕಂಬಗಳ ಮೇಲಿನ ಅಡ್ಡಪಟ್ಟಿ, ಅಂದರೆ ಕ್ರಾಸ್‌ಬಾರಿನ ಕೆಳ ಅಂಚಿನಿಂದ ನೆಲಕ್ಕೆ 2.44 ಮೀಟರ್. ಅಡಿ ಲೆಕ್ಕದಲ್ಲಿ 24 ಮತ್ತು 8. ಮಕ್ಕಳ ಪಂದ್ಯವಾದರೆ ಆ ಟೂರ್ನಿಯ ನಿಯಮ ನೋಡಿಕೊಳ್ಳಿ.

ಅಗಲ ಅಳೆಯುವಾಗ ಟೇಪು ಒಳ ಅಂಚಿಗೇ ತಾಗಿರಬೇಕು. ಕಂಬದ ದಪ್ಪ 12 ಸೆಂಟಿಮೀಟರ್ ತನಕ ಇರಬಹುದು. ಹೊರ ಅಂಚಿನಿಂದ ಹಿಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಬುಡದಲ್ಲಿ ಒಮ್ಮೆ, ಬಾರಿನ ಕೆಳಗೆ ಒಮ್ಮೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಕಂಬ ವಾಲಿದೆ ಎಂದೇ ಅರ್ಥ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿಯಿರಿ. ಎರಡು ಕಡೆಯೂ ಸುಮಾರು 7.72 ಬಂದರೆ ಚೌಕಟ್ಟು ನೆಟ್ಟಗಿದೆ.

ಎತ್ತರವನ್ನು ಮಾತ್ರ ಮೂರು ಕಡೆ ನೋಡಲೇಬೇಕು: ಎರಡು ಕಂಬಗಳ ಪಕ್ಕ, ಮತ್ತೆ ನಟ್ಟನಡುವೆ. ಒಮ್ಮೆ ಕಂಬಗಳ ಪಕ್ಕ ಸರಿಯಾಗಿ 2.44 ಬಂತು, ನಡುವೆ 2.51. ಬಾರ್ ಮೇಲಕ್ಕೆ ಬಾಗಿದೆಯೇನೋ ಅಂದುಕೊಂಡು ಆ ತುದಿಯಿಂದ ಈ ತುದಿಗೆ ದಾರ ಬಿಗಿದು ನೋಡಿದೆ. ಬಾರ್ ನೆಟ್ಟಗೇ ಇತ್ತು. ತಲೆ ತಗ್ಗಿಸಿದಾಗ ವಿಷಯ ಗೊತ್ತಾಯಿತು. ಕೀಪರ್‌ಗಳು ನಿಂತೂ ನಿಂತೂ ಹುಲ್ಲು ಹೋಗಿ, ನೆಲ ತಟ್ಟೆಯ ಹಾಗೆ ತಗ್ಗಾಗಿತ್ತು. ಮಣ್ಣು ತುಂಬಿಸಿ, ನೀರು ಚಿಮುಕಿಸಿ, ದಮ್ಮಸ್ಸು ಹಾಕಿಸಿ ಮತ್ತೆ ಅಳೆದೆ. ಏಳು ಸೆಂಟಿಮೀಟರ್ ಅಂದರೆ ಬೆರಳ ತುದಿಗೆ ತಾಗುವ ಚೆಂಡಿಗೂ ಗೋಲಾಗುವ ಚೆಂಡಿಗೂ ಇರುವ ವ್ಯತ್ಯಾಸ. ಅದು ಕೀಪರ್‌ಗೆ ಅನ್ಯಾಯ, ಅಲ್ವಾ? ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಹುಡುಗರು ಜೋತಾಡಿ ಜೋತಾಡಿ ಬಾರ್ ನಡುವೆ ಇಳಿದಿರುತ್ತದೆ. ಆಗಲೂ ಆ ದಾರವೇ ಹೇಳುತ್ತದೆ.

ವಾರ್ಮಪ್ ಹೊತ್ತಿನಲ್ಲಿ ಕೀಪರ್ ಬಂದು 'ಯಾಕೋ ಗೋಲು ಚಿಕ್ಕದು ಅನ್ನಿಸ್ತಿದೆ' ಎಂದರೆ ಸುಮ್ನೆ ತಳ್ಳಿಹಾಕಬೇಡಿ. 2020ರಲ್ಲಿ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಲ್ಲಿ ಇಂಗ್ಲೆಂಡಿನ ಕ್ಲಬ್ ಟಾಟನ್‌ಹ್ಯಾಮ್ ಕೀಪರ್‌ಗಳು ಹೀಗೆ ಹೇಳಿದ್ದರು. ಕೋಚ್ ಜೋಸೆ ಮೊರಿನ್ಯೊ ಹೋಗಿ ನೋಡಿದರೆ ಗೋಲು 5 ಸೆಂಟಿಮೀಟರ್ ಕುಳ್ಳಗಿತ್ತು. ಕೊನೆಗೆ ಗೋಲನ್ನೇ ಬದಲಾಯಿಸಿದರು. ದಿನವೂ ಆ ಚೌಕಟ್ಟಿನೊಳಗೆ ನಿಲ್ಲುವವರ ಕಣ್ಣಿಗೆ ಅಷ್ಟು ಸಣ್ಣ ವ್ಯತ್ಯಾಸವೂ ಬೀಳುತ್ತದೆ.

ಅಳತೆ ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎತ್ತಿ ಸಾಗಿಸುವ ಗೋಲಾದರೆ ಎರಡು ಕೈಯಲ್ಲಿ ಕಂಬ ಹಿಡಿದು ಜೋರಾಗಿ ಅಲ್ಲಾಡಿಸಿ. ಹಿಂದಿನ ಗೂಟ, ಭಾರದ ಚೀಲ ಎಲ್ಲ ಮುಟ್ಟಿ ನೋಡಿ. ಮಗುವಿನ ಮೇಲೆ ಮಗುಚಿಬಿದ್ದರೆ ಪ್ರಾಣವೇ ಹೋಗಬಹುದು. ಗೋಲು ಭದ್ರವಾಗಿಲ್ಲದಿದ್ದರೆ ಎಷ್ಟೇ ಜನ ಕಾಯುತ್ತಿರಲಿ, ನಾನು ಆಟ ಶುರು ಮಾಡುವುದಿಲ್ಲ. ಮುರಿದ ಬಾರಿನ ಜಾಗಕ್ಕೆ ಹಗ್ಗ ಕಟ್ಟಿ ಆಡಿಸುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ.

ನೆಟ್‌ನಲ್ಲಿ ತೂತು ಇದೆಯಾ, ಗೋಲ್ ಲೈನು ಕಂಬದಷ್ಟೇ ದಪ್ಪ ಇದೆಯಾ ಎಂದು ಒಮ್ಮೆ ಕಣ್ಣಾಡಿಸಿ. ಆಮೇಲೆ ಟೇಪು ಸುತ್ತಿಕೊಂಡು ಎದುರು ಗೋಲಿಗೆ ನಡೆಯಿರಿ. ಅಲ್ಲೂ ಮೊದಲಿನಿಂದ ಎಲ್ಲವನ್ನೂ ಅಳೆಯಿರಿ.